ವಕೀಲ ಕಾಕಾ ಪಥ್ಯ ಹಿಡಿದದ್ದು

ವಕೀಲ ಕಾಕಾ ಓದಿದ ಕಾಗದವನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರ ಮೂಗು ಕಾಣುತ್ತಿತ್ತು. ಅವರ ಬಲಗೈ ಬೆರಳುಗಳಿಗೆ ತುಪ್ಪದ ಜಿಡ್ಡು ಬಿಟ್ಟ ದಿನವೇ ಇರಲಿಲ್ಲ. ಎಷ್ಟು ತೊಳೆದರೂ, ಎಷ್ಟು ಒರೆಸಿದರೂ, ಬೆರಳ ತುದಿಗಳು ಈಗಷ್ಟೇ ಎಣ್ಣೆ ಬಿಟ್ಟ ಬಾಗಿಲ ಚಿಲಕದ ಹಾಗೆ ಹೊಳೆಯುತ್ತಿದ್ದವು. ಫಿರ್ಯಾದಿ, ಕೈಫಿಯತ್ತು, ಸಾಕ್ಷಿಯ ಹೇಳಿಕೆ, ಯಾವುದನ್ನೇ ತೆಗೆದರೂ ಅದರ ಮೂಲೆಯಲ್ಲೊಂದು ದುಂಡನೆಯ ಜಿಡ್ಡಿನ ಮುದ್ರೆ. ಹಾವೇರಿ ಕೋರ್ಟಿನ ಮುನಸೀಫರು ಒಮ್ಮೆ ಒಂದು ಅರ್ಜಿಯನ್ನು ಕಿಟಕಿಯ ಕಡೆ ಎತ್ತಿ ಹಿಡಿದು, "ವಕೀಲ್ರ, ಈ ಅರ್ಜಿ ಹೋಳಿಗಿ ಉಂಡು ಬರದದ್ದೋ, ಮಂಡಿಗಿ ಉಂಡು ಬರದದ್ದೋ?" ಎಂದು ಕೇಳಿದರಂತೆ. ಕಾಕಾ ಎದ್ದು ನಿಂತು, "ಹೋಳಿಗಿ, ಸಾಹೇಬ್ರ. ಮಂಡಿಗಿ ಉಂಡಿದ್ರ ಕೇಸೂ ಅದರಂಗs ಹಗರ ಇರತಿತ್ತು" ಎಂದರಂತೆ.

ಅವರು ನನಗೆ ರಕ್ತಸಂಬಂಧದ ಕಾಕಾ ಅಲ್ಲ. ನಮ್ಮ ಮನೆಯ ಎದುರಿನ ಮನೆಯವರು. ಆದರೆ ಓಣಿಯ ಹುಡುಗರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ನಾನು ಆಗ ಮ್ಯಾಟ್ರಿಕ್ ಪರೀಕ್ಷೆಯ ಜೊತೆ ಕುಸ್ತಿ ಹಿಡಿದಿದ್ದೆ. ಪ್ರತಿ ಸಲವೂ ಅದೇ ಮೇಲೆ, ನಾನು ಕೆಳಗೆ. ಬೇರೆ ಯಾವ ವಿದ್ಯೆಯೂ ತಲೆಗೆ ಹತ್ತದ ನನಗೆ ದೇವರು ಒಂದೇ ಒಂದು ವಿದ್ಯೆ ಕೊಟ್ಟಿದ್ದ: ಯಾರ ದನಿಯನ್ನು ಕೇಳಿದರೂ ಹಾಗೆಯೇ ತೆಗೆಯುವುದು. ಮುನಸೀಫರ ನಸ್ಯದ ಸೀನು, ಸ್ಟೇಶನ್ ಮಾಸ್ತರರ ಮೂಗಿನ ಇಂಗ್ಲಿಷು, ಅಪ್ಪನ ಸಿಟ್ಟು. ಅಪ್ಪ ರಾಣೆಬೆನ್ನೂರಿಗೆ ಹೋದ ದಿನವೂ ನನ್ನ ತಮ್ಮಂದಿರು ಅಪ್ಪನಿಗೆ ಅಂಜಿ ಪುಸ್ತಕ ಹಿಡಿಯುತ್ತಿದ್ದರೆಂದರೆ ಅದು ನನ್ನ ಕಲೆ. ಆ ದನಿಯಿಂದಲೇ ನನಗೆ ನಾನು "ಓದೋ ಕತ್ತೀಮಗನ" ಎಂದು ಬೈದುಕೊಂಡೂ ನೋಡಿದ್ದೆ, ಪ್ರಯೋಜನವಾಗಲಿಲ್ಲ.

ಕಾಕಾನ ದನಿ ತೆಗೆಯುವುದು ಎಲ್ಲಕ್ಕಿಂತ ಸುಲಭ. ಗಂಟಲಲ್ಲಿ ಒಂದು ಅವಲಕ್ಕಿ ಉಂಡೆ ಸಿಕ್ಕಿದೆಯೆಂದು ಭಾವಿಸಿಕೊಂಡು, ಹುಬ್ಬೆತ್ತಿ, "ಅಂದಮ್ಯಾಲೆ?" ಎಂದರಾಯಿತು. ಮಾತಿಗೊಮ್ಮೆ ಅವರಿಗೆ ಅದು ಬೇಕು. "ನೀ ಸಾಲಿಗೆ ಹೋಗಿದ್ದಿಲ್ಲ, ಸಿನಿಮಾ ತಂಬುವಿನ ಮುಂದ ಕಂಡಿ. ಅಂದಮ್ಯಾಲೆ?" ಅಷ್ಟು ಹೇಳಿ ಬಿಟ್ಟುಬಿಡುವರು. ಮುಂದಿನದನ್ನು ಎದುರಿನವನೇ ಒಪ್ಪಿಕೊಳ್ಳಬೇಕು.

ಕೋರ್ಟಿಗಿಂತ ಅವರ ಕೀರ್ತಿ ಹೆಚ್ಚು ಹಬ್ಬಿದ್ದು ಊಟದ ಪಂಕ್ತಿಯಲ್ಲಿ. ಉಣ್ಣುವುದಕ್ಕೂ ಸೈ, ಉಣಿಸುವುದಕ್ಕೂ ಸೈ. ನಮ್ಮ ಕಡೆ ಮದುವೆ ಮುಂಜಿವೆಗಳಲ್ಲಿ ಒತ್ತಾಯ ಮಾಡದೆ ಬಡಿಸಿದರೆ ಅದು ಊಟವಲ್ಲ, ಅವಮಾನ. ಆದರೆ ಕಾಕಾನ ಒತ್ತಾಯ ಬೇರೆ ಜಾತಿಯದು. "ಸಾಕು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಹೋಳಿಗೆ ಇಟ್ಟು ತುಪ್ಪ ಸುರಿಯುತ್ತಿದ್ದರು. ತಮ್ಮ ಮಗಳ ಮದುವೆಯಲ್ಲಿ ಬ್ಯಾಡಗಿಯ ಬೀಗರಿಗೆ "ನನ್ನ ಆಣಿ, ನಮ್ಮ ಮನೀಯಾಕಿ ಆಣಿ, ಕೂಸಿನ ಆಣಿ" ಎಂದು ಒಂದೊಂದು ಆಣೆಗೆ ಒಂದೊಂದು ಹೋಳಿಗೆ ಇಳಿಸಿದರು. ಕಡೆಗೆ ಬೀಗರನ್ನು ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಬೀಗರು ಹೋಗುವಾಗ ಮೀಸೆಯಡಿಯಲ್ಲಿ ನಕ್ಕು, "ನಮ್ಮ ಮನ್ಯಾಗೂ ಒಂದ ಮದವಿ ಬರತದ, ವಕೀಲ್ರ" ಎಂದು ಹೇಳಿ ಹೋದರು.

ಕಾಕಾನಿಗೆ ಸಕ್ಕರೆ ಬೇನೆ ಹತ್ತಿದ್ದನ್ನು ಡಾಕ್ಟರರಿಗಿಂತ ಮೊದಲು ಕಂಡುಹಿಡಿದವು ಇರುವೆಗಳು. ಕೋರ್ಟಿನಲ್ಲಿ ವಾದ ಮಾಡುತ್ತ ಮಾಡುತ್ತ ತಂಬಿಗೆಗಟ್ಟಲೆ ನೀರು ಕುಡಿಯುವುದು, ನಡುವೆಯೇ "ಒಂದ ಕ್ಷಣ, ಸಾಹೇಬ್ರ" ಎಂದು ಹಿತ್ತಿಲ ಕಡೆ ಓಡುವುದು ಶುರುವಾಗಿತ್ತು. ಎದುರಿನ ವಕೀಲರು ಆ ಒಂದು ಕ್ಷಣದಲ್ಲಿ ಕೇಸು ಗೆಲ್ಲತೊಡಗಿದರು. ಇತ್ತ ಕಾಕು ಬಚ್ಚಲಲ್ಲಿ ಇರುವೆಯ ಸಾಲು ಕಂಡು, ಬೆಲ್ಲದ ಪಾಕ ಚೆಲ್ಲಿತೆಂದು ತಿಳಿದು, ತೊಳೆದಳು. ಮರುದಿನ ಮತ್ತೆ ಸಾಲು. ಪಾಕವನ್ನೇ ಮಾಡದ ದಿನವೂ ಸಾಲು. ಕಾಕು ಪೊರಕೆ ಬಿಟ್ಟು ಕೂತುಬಿಟ್ಟಳು. ಏಕೆಂದರೆ ರಾಣೆಬೆನ್ನೂರಿನಲ್ಲಿ ಕಾಕಾನ ಅಣ್ಣನ ಮನೆಯ ಬಚ್ಚಲಲ್ಲಿಯೂ ಅವಳು ಇಂಥದೇ ಸಾಲು ನೋಡಿದ್ದಳು. ಅಣ್ಣನಿಗೆ ಮೊದಲು ಚಪ್ಪಲಿ ಕಚ್ಚಿ ಕಾಲಿನ ಬೆರಳು ಹುಣ್ಣಾಯಿತು. ಬೆರಳು ಹೋಯಿತು, ಕಾಲು ಹೋಯಿತು, ಆಮೇಲೆ ಅಣ್ಣನೇ ಹೋದ.

ಡಾಕ್ಟರು ಮುಂಬಯಿಯಲ್ಲಿ ಕಲಿತು ಬಂದ ತರುಣರು. ಬಡಕಲು ಮೈ, ತಣ್ಣನೆಯ ದನಿ. ಏನಾದರೂ ಬೇಡವೆನ್ನುವ ಮೊದಲು "ಹ್ಞಕ್ಕ್" ಎಂದು ಸಣ್ಣಗೆ ಕೆಮ್ಮುವ ಚಟ. ಕಾಕಾನನ್ನು ತೋರಿಸಲು ಹೋದ ದಿನವೇ ಆ ಕೆಮ್ಮನ್ನು ನಾನು ಕಲಿತೆ. ಕಾಕುಗೆ ಧೈರ್ಯಕ್ಕೆಂದು ನಾನೂ ಹೋಗಿದ್ದೆ. ಗಾಜಿನ ಕೊಳವೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ಕಾಕಾ ಕೊಟ್ಟದ್ದರಲ್ಲಿ ನಾಲ್ಕು ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕಡೆಗೆ ಅಪ್ಪಟ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ.

"ನೀಲಿ ಉಳದ್ರ ಛಲೋ. ಕೆಂಪಾದ್ರ ಸಕ್ಕರಿ ಭಾಳ ಅದ ಅಂತ ತಿಳೀಬೇಕು. ಹ್ಞಕ್ಕ್. ನಾಳಿಯಿಂದ ಸಕ್ಕರಿ ಬ್ಯಾಡ" ಎಂದರು ಡಾಕ್ಟರು.

ಕಾಕಾ ಕೋಟಿನ ಕಾಲರು ಸರಿಪಡಿಸಿಕೊಂಡರು. ಪಾಟೀಸವಾಲು ಶುರುವಾಯಿತೆಂದು ನನಗೆ ಗೊತ್ತಾಯಿತು.

"ತಾವು ಸಕ್ಕರಿ ಅಂದ್ರಿ. ಬೆಲ್ಲದ ಬಗ್ಗೆ ಏನೂ ಹೇಳಲಿಲ್ಲ."

"ಹ್ಞಕ್ಕ್. ಬೆಲ್ಲಾನೂ ಬ್ಯಾಡ."

"ಜೇನುತುಪ್ಪ? ಅದು ಔಷಧ."

"ಅದೂ ಬ್ಯಾಡ್ರಿ."

"ಮಾವಿನಹಣ್ಣಿನೊಳಗಿನ ಸಕ್ಕರಿ ನಾ ಹಾಕಿದ್ದಲ್ಲ, ನೀವು ಹಾಕಿದ್ದಲ್ಲ. ಖುದ್ದ ದೇವರ ಹಾಕ್ಯಾನ. ಅಂದಮ್ಯಾಲೆ?"

"ಅಂದಮ್ಯಾಲೆ ದೇವರ ಕಡೆ ಲಗೂ ಹೋಗತೀರಿ" ಎಂದರು ಡಾಕ್ಟರು. "ಅನ್ನಾನೂ ಬಿಡ್ರಿ."

ಕಾಕಾ ತಣ್ಣಗಾದರು. ಕಾಕು ಸೆರಗಿನಿಂದ ಮುಖ ಒರೆಸಿಕೊಂಡು, "ಬಿಡತಾರ್ರಿ. ನಾ ಬಿಡಸತೇನಿ" ಎಂದಳು.

ಆದರೆ ಮನೆಗೆ ಬರುವ ದಾರಿಯಲ್ಲಿಯೇ ಕಾಕಾನ ತಲೆ ಓಡತೊಡಗಿತ್ತು. ಅನ್ನ ಬಿಡುವುದೆಂದರೇನು? ಏಕಾದಶಿಗೆ ನಾವೆಲ್ಲ ಅನ್ನ ಬಿಡುತ್ತೇವೆ. ಅನ್ನ ಬಿಟ್ಟರೆ ಅದು ಉಪವಾಸ. ಉಪವಾಸಕ್ಕೆ ಶಾಸ್ತ್ರದಲ್ಲಿ ಫಳಾರ ಹೇಳಿದೆ. ಅಂದಮ್ಯಾಲೆ? ಹೀಗೆ ಕಾಕಾನ ಮನೆಯಲ್ಲಿ ನಿತ್ಯ ಏಕಾದಶಿ ಶುರುವಾಯಿತು. ಮುಂಜಾನೆ ಸಾಬೂದಾಣಿ ಖಿಚಡಿ. ಮಧ್ಯಾಹ್ನ ತುಪ್ಪದಲ್ಲಿ ಹುರಿದ ಬಟಾಟಿ, ಕೆಂಡದಲ್ಲಿ ಸುಟ್ಟ ಗೆಣಸು. ಸಂಜೆಗೆ ಖರ್ಜೂರ, ಕೆನೆ ಹಾಲು, ಬಾಳೆಹಣ್ಣು. ಸಕ್ಕರೆಯ ಒಂದು ಕಣ ಇಲ್ಲ, ಬೆಲ್ಲದ ಒಂದು ಚೂರು ಇಲ್ಲ, ಅನ್ನದ ಅಗಳು ಮೊದಲೇ ಇಲ್ಲ. ಕಾಕು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಳು. ಇಬ್ಬರ ಕಣ್ಣಿಗೂ ಅದು ಪ್ರಾಮಾಣಿಕ ಉಪವಾಸ.

ಓಣಿಯಲ್ಲಿ ಸುದ್ದಿ ಹಬ್ಬಿತು: ವಕೀಲರು ವೈರಾಗ್ಯ ಹಿಡಿದಿದ್ದಾರೆ, ದಿನಾಲು ಉಪವಾಸ ಮಾಡುತ್ತಾರೆ. ನನ್ನ ಅಜ್ಜಿ ದಿನಾಲು ಕಟ್ಟೆಯಿಂದಲೇ ಅವರಿಗೆ ಕೈ ಮುಗಿಯತೊಡಗಿದಳು. "ನೋಡೋ, ಉಪವಾಸ ಮಾಡಿದ್ರೂ ಮಾರಿ ಮ್ಯಾಲೆ ಎಂಥಾ ತೇಜಸ್ಸು!" ಎಂದು ನನಗೆ ಹೇಳಿದಳು. ತೇಜಸ್ಸು ಹೊಟ್ಟೆಯ ಮೇಲೂ ಬಂದಿತ್ತು. ಕರೀ ಕೋಟಿನ ಗುಂಡಿ ಹಾಕಲು ಬಾರದಾಗಿತ್ತು.

ಇಂಥ ತಪಸ್ಸಿನ ನಂತರ ಕಾಕಾ ಎದೆ ಉಬ್ಬಿಸಿ ಡಾಕ್ಟರರ ಕಡೆ ಹೋದರು. ಕೊಳವೆ ಕಾಯಿತು. ಹಸಿರಿಗೆ ನಿಲ್ಲಲಿಲ್ಲ, ಹಳದಿಗೆ ನಿಲ್ಲಲಿಲ್ಲ. ಈ ಸಲ ಮೆಣಸಿನಕಾಯಿ ಮೊದಲಿಗಿಂತ ಬಲಿತಿತ್ತು. ಡಾಕ್ಟರರು ಕೊಳವೆಯನ್ನು ತೊಳೆದು ಮತ್ತೊಮ್ಮೆ ನೋಡಿದರು. ಅದೇ ಬಣ್ಣ. ಮರುದಿನ ಮಧ್ಯಾಹ್ನ ಹೇಳದೆ ಕೇಳದೆ ಕಾಕಾನ ಮನೆಗೆ ಬಂದು ನಿಂತರು. ತಾಟಿನಲ್ಲಿ ಬಟಾಟಿಯ ಗುಡ್ಡ, ಪಕ್ಕದಲ್ಲಿ ಗೆಣಸಿನ ಗುಡ್ಡ, ನಡುವೆ ಹಾಲಿನ ಹೊಳೆ.

"ಇದೇನ್ರಿ?"

"ಉಪವಾಸ" ಎಂದರು ಕಾಕಾ, ಗೆಣಸು ನುಂಗಿ.

ಡಾಕ್ಟರರಿಗೆ ಕೆಮ್ಮಲು ಕೂಡ ನೆನಪಾಗಲಿಲ್ಲ. "ವಕೀಲ್ರ, ಇಷ್ಟು ಉಪವಾಸ ನಾ ಮಾಡಿದ್ರ ಸತ್ತಹೋಗತೇನಿ" ಎಂದು ಅಲ್ಲಿಯೇ ಕೂತುಬಿಟ್ಟರು. ಬಟಾಟಿ, ಸಾಬೂದಾಣಿ, ಗೆಣಸು, ಎಲ್ಲವೂ ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತವೆಂದು ತಿಳಿಸಿ ಹೇಳಿದರು. ಕಾಕು ಗೋಡೆ ಹಿಡಿದು ನಿಂತಳು. "ನಾನs ಕೈಯಾರೆ ಹಾಕಿದೆನಲ್ರಿ" ಎಂದಳು. ತಾಟನ್ನು ಎತ್ತಿ ಒಳಗೆ ಒಯ್ದಳು.

ಹೊಸ ಪಥ್ಯ ಬಂತು: ಒಂದು ಜೋಳದ ರೊಟ್ಟಿ, ಬೇಕಾದಷ್ಟು ಸೊಪ್ಪು, ಹಾಗಲಕಾಯಿ, ಹೆಸರುಬೇಳೆ, ಮಜ್ಜಿಗೆ. ನಾಲ್ಕು ದಿನ ಎಲ್ಲವೂ ಸರಿಯಾಗಿತ್ತು. ಐದನೆಯ ದಿನ ನಾನು ಇಣುಕಿದಾಗ ಕಾಕಾನ ತಾಟಿನಲ್ಲಿದ್ದ ರೊಟ್ಟಿ ಮೊರದಷ್ಟಾಗಿತ್ತು. "ಒಂದ ಅಂದಾರ, ಒಂದs ಅದ. ಅಳತಿ ಹೇಳಿಲ್ಲ" ಎಂದರು ಕಾಕಾ.

ಆ ಸಂಜೆ ನಾನು ನಮ್ಮ ಕಟ್ಟೆಯ ಮೇಲೆ ಪ್ರಯೋಗ ಇಟ್ಟೆ. ಒಮ್ಮೆ ಕಾಕಾ, ಒಮ್ಮೆ ಡಾಕ್ಟರು. "ಅಂದಮ್ಯಾಲೆ?" "ಹ್ಞಕ್ಕ್!" ಓಣಿಯ ಗೆಳೆಯರು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ತಿರುಗಿ ನೋಡಿದರೆ ಹಿಂದೆ ಕಾಕಾ. ಎಲ್ಲರೂ ಮಾಯ. ಉಳಿದವನು ನಾನೊಬ್ಬ.

"ಕುಂದರೋ ಮಂಗ್ಯಾ. ಛಲೋ ತಗೀತಿ. ನನ್ನ ದನಿ ಸ್ವಲ್ಪ ದಪ್ಪ ಆತು" ಎಂದು ಅವರೂ ಕಟ್ಟೆಯ ಮೇಲೆ ಕೂತರು. ಚಪ್ಪಲಿ ಬಿಚ್ಚಿ ಕಾಲಿನ ಬೆರಳು ನೋಡಿಕೊಂಡರು. ಆಮೇಲೆ, "ನಮ್ಮಣ್ಣ ಕಡೀಕ ಏನಂತಿದ್ದ ಗೊತ್ತದ ಏನು? ಅಂಗಾಲು ತುರಸತದ, ಯಾರರ ತುರಸ್ರೋ ಅಂತಿದ್ದ. ನಾ ಹಾಸಗಿ ಮ್ಯಾಲೆ ಕೈ ಇಟ್ಟು ಬರೇ ದುಪ್ಪಟಿ ತುರಸತಿದ್ದೆ. ಕಾಲs ಇದ್ದಿದ್ದಿಲ್ಲ" ಎಂದರು.

ನಾನು ಇಳಿಬಿಟ್ಟ ಕಾಲುಗಳನ್ನು ಕಟ್ಟೆಯ ಮೇಲೆ ಎಳೆದುಕೊಂಡೆ.

"ನಾ ಡಾಕ್ಟರನ ಜೋಡಿ ವಾದ ಮಾಡಿ ಗೆಲ್ಲತೇನಿ. ಯಾರ ಜೋಡಿನೂ ಗೆಲ್ಲತೇನಿ. ಅದs ತ್ರಾಸ ಆಗೇದ. ನೀ ಒಂದ ಕೆಲಸ ಮಾಡು. ನಾ ಉಣ್ಣಾಗ ನನ್ನ ಮಗ್ಗಲಕ ಕುಂದ್ರು. ನನ್ನ ಕೈ ದಾರಿ ತಪ್ಪಿತಂದ್ರ ಡಾಕ್ಟರನಂಗ ಕೆಮ್ಮು."

ಹೀಗೆ ಮ್ಯಾಟ್ರಿಕ್ ನಪಾಸಾದ ನಾನು ಡಾಕ್ಟರನಾದೆ. ಮೊರದಂಥ ರೊಟ್ಟಿ ಬಂದರೆ ಕೆಮ್ಮುತ್ತಿದ್ದೆ. ಕಾಕು ಅಂಚು ಮುರಿದು ತೆಗೆಯುತ್ತಿದ್ದಳು. ಮನೆಯಲ್ಲಿ ನನ್ನ ವೈದ್ಯಕೀಯ ಚೆನ್ನಾಗಿಯೇ ನಡೆಯಿತು. ಕೊಳವೆ ಮೆಣಸಿನಕಾಯಿಯಿಂದ ಹಳದಿಗೆ ಬಂತು. ಅಷ್ಟರಲ್ಲಿ ಬ್ಯಾಡಗಿಯಿಂದ ಲಗ್ನಪತ್ರಿಕೆ ಬಂತು. ಬೀಗರ ಕಿರಿಯ ಮಗನ ಮದುವೆ.

ಹೋಗದಿದ್ದರೆ ಮಗಳಿಗೆ ಆ ಮನೆಯಲ್ಲಿ ಮಾತು ಬರುತ್ತದೆ. ಹೋಗಿ ಉಣ್ಣದಿದ್ದರೆ ಇನ್ನೂ ದೊಡ್ಡ ಮಾತು ಬರುತ್ತದೆ. ಬೇನೆ ಇದೆಯೆಂದು ಹೇಳುವಂತಿಲ್ಲ. ಕಾಕಾನ ಕಿರಿಮಗಳು ಇನ್ನೂ ಮದುವೆಗಿದ್ದಳು, ಮನೆತನದಲ್ಲಿ ಬೇನೆಯೆಂದರೆ ವರ ಸಿಕ್ಕುವುದು ಕಷ್ಟ. ಕೆಮ್ಮಲು ನನ್ನನ್ನೂ ಕರೆದುಕೊಂಡು ಕಾಕು ರೇಲ್ವೆ ಹತ್ತಿದಳು. ಡಬ್ಬಿಯಲ್ಲಿ ಕಾಕಾನಿಗಾಗಿ ರೊಟ್ಟಿ ಕಟ್ಟಿಕೊಂಡು ಅದನ್ನು ಬಂಗಾರದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಹಂದರದಲ್ಲಿ ಎಲೆ ಹಾಕಿದರು. ಬೀಗರು ತಾವೇ ಕೈ ಹಿಡಿದು ತಂದು ಕಾಕಾನನ್ನು ಪಂಕ್ತಿಯ ಮೊದಲ ಮಣೆಯ ಮೇಲೆ ಕೂಡಿಸಿದರು. ಪಕ್ಕದಲ್ಲಿ ನಾನು. ಅನ್ನ ಬಿತ್ತು, ತೊವ್ವೆ ಬಿತ್ತು. ಆಮೇಲೆ ಬೀಗರು ಧೋತರ ಎತ್ತಿ ಕಟ್ಟಿ ಹೋಳಿಗೆಯ ಬುಟ್ಟಿ ಹಿಡಿದು ಬಂದರು. ಹಿಂದೆ ತುಪ್ಪದ ತಂಬಿಗೆಯವರು. ಅವರ ಹಿಂದೆ ಕಾಕಾನ ಕೈಯಿಂದ ಯಾವಯಾವುದೋ ಮದುವೆಯಲ್ಲಿ ಒತ್ತಾಯ ಅನುಭವಿಸಿದ ಹಳೆಯ ಗಾಯಾಳುಗಳು. ಎಲ್ಲರ ಮುಖದಲ್ಲೂ ಹಬ್ಬ.

"ಬೀಗರ, ನೆನಪದ ಏನು? ನನ್ನ ಆಣಿ ಒಂದು."

ನಾನು ಕೆಮ್ಮಿದೆ. "ಹ್ಞಕ್ಕ್!"

"ನಮ್ಮ ಮನೀಯಾಕಿ ಆಣಿ ಒಂದು."

"ಹ್ಞಕ್ಕ್! ಹ್ಞಕ್ಕ್!"

"ಪಾಪ, ಹುಡುಗಗ ಗಂಟಲ ಒಣಗೇದ" ಎಂದು ಯಾರೋ ನನ್ನ ಬೆನ್ನಿಗೆ ಗುದ್ದಿದರು. ಇನ್ನೊಬ್ಬರು, "ತುಪ್ಪ ಹಾಕ್ರಿ, ಇಳೀತದ" ಎಂದರು. ನನ್ನ ಎಲೆಯ ಮೇಲೆ ತುಪ್ಪದ ಕೆರೆ. ನನ್ನ ವೈದ್ಯಕೀಯ ಮುಳುಗಿತು.

ಕಾಕಾನ ಎಲೆಯ ಮೇಲೆ ಹೋಳಿಗೆಗಳು ಒಂದರ ಮೇಲೊಂದು ಬಿದ್ದವು. ಹೆಂಗಸರ ಕಡೆಯಿಂದ ಕಾಕು ನೋಡುತ್ತಿದ್ದಳು. ಕಾಕಾ ಹೋಳಿಗೆ ನೋಡಿದರು, ಬೀಗರನ್ನು ನೋಡಿದರು, ತಮ್ಮ ಕಾಲಿನ ಕಡೆ ನೋಡಿದರು. ಇನ್ನು ಅಂಗೈಯಲ್ಲಿ ನೀರು ಹಾಕಿಸಿಕೊಂಡು ಆಪೋಶನ ತೆಗೆದುಕೊಂಡರೆ ಮುಗಿಯಿತು. ಆಮೇಲೆ ಊಟ ಮುಗಿಯುವವರೆಗೆ ಏಳುವಂತಿಲ್ಲ. ನೀರಿನ ತಂಬಿಗೆ ಬಂತು. ಕಾಕಾ ಕೈ ಚಾಚಲಿಲ್ಲ. ತಟ್ಟನೆ ಎದ್ದು ನಿಂತರು.

ಬೀಗರ ಮುಖ ಕಪ್ಪಿಟ್ಟಿತು.

"ಬೀಗರ, ಇದು ಅನ್ಯಾಯ" ಎಂದರು ಕಾಕಾ, ಕೋರ್ಟಿನ ದನಿಯಲ್ಲಿ. "ನಮ್ಮ ಕೂಸು ಈ ಮನಿ ಸೊಸಿ. ಅಂದಮ್ಯಾಲೆ ಇದು ನನ್ನ ಮನಿ. ನನ್ನ ಮನಿ ಮದವ್ಯಾಗ ನೀವು ಬಡಸೋದು, ನಾ ಕೂತು ಉಣ್ಣೋದು? ತರ್ರಿ ಇಲ್ಲೆ ಬುಟ್ಟಿ!"

ಶಲ್ಯ ಸೊಂಟಕ್ಕೆ ಬಿಗಿದು, ಬೀಗರ ಕೈಯಿಂದ ಬುಟ್ಟಿ ಕಸಿದುಕೊಂಡು, ಬೀಗರನ್ನು ಹೆಗಲು ಒತ್ತಿ ತಮ್ಮ ಮಣೆಯ ಮೇಲೆಯೇ ಕೂಡಿಸಿಬಿಟ್ಟರು. ಆ ಎಲೆಯ ಹೋಳಿಗೆ ಈಗ ಬೀಗರವು. ಬಡಿಸುವವನಿಗೆ ಒತ್ತಾಯ ಮಾಡುವ ಪದ್ಧತಿ ನಮ್ಮ ಕಡೆ ಯಾವ ಮನೆಯಲ್ಲೂ ಇಲ್ಲ. ಬೀಗರಿಗೆ ಮೊದಲು ಏನಾಯಿತೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಕಣ್ಣಲ್ಲಿ ನೀರು ಬಂತು, ಮಾನ ಸಿಕ್ಕ ಸಂತೋಷದ್ದೋ, ಮುಂದೆ ಬರುವ ಆಣೆಗಳ ಭಯದ್ದೋ ಹೇಳಲಾರೆ. ಕಾಕಾ ಪಂಕ್ತಿಯ ಈ ತುದಿಯಿಂದ ಆ ತುದಿಗೆ ನಡೆದರು, ಬಗ್ಗಿದರು, ಬೈದರು, ಬಡಿಸಿದರು. ನಾನು ಕಾಪಾಡುವವರಿಲ್ಲದ ಅನಾಥ. ಹಳೆಯ ಗಾಯಾಳುಗಳ ಸೇಡೆಲ್ಲ ನನ್ನ ಎಲೆಯ ಮೇಲೆ ತೀರಿತು. ಕಡೆಯ ಪಂಕ್ತಿಗೆ ಕಾಕಾ ಕೂತಾಗ ಎಲ್ಲರೂ ನಿದ್ದೆಗೆ ಉರುಳಿದ್ದರು. ಡಬ್ಬಿ ತೆರೆದು ಕಾಕು ರೊಟ್ಟಿ ಬಡಿಸಿದಳು.

ಮರುದಿನ ಬೀಗರು ಎತ್ತಿನ ಚಕ್ಕಡಿ ಕಟ್ಟಿಸಿ ನಮ್ಮನ್ನು ಕದರಮಂಡಲಗಿಯ ಹನುಮಪ್ಪನ ದರ್ಶನಕ್ಕೆ ಕಳಿಸಿದರು. ದಾರಿಯ ಒಂದೊಂದು ಕುಣಿಗೂ ನನ್ನ ಹೊಟ್ಟೆಯೊಳಗೆ ಬೀಗರ ಮದುವೆ ಇನ್ನೊಮ್ಮೆ ನಡೆಯುತ್ತಿತ್ತು. ಗುಡಿಯಲ್ಲಿ ಕಾಕು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತ ಬಹಳ ಹೊತ್ತು ನಿಂತಳು. ಹೊರಗೆ ಬಂದ ಮೇಲೆ ಕಾಕಾ, "ಏನ ಬೇಡಿಕೊಂಡಿ?" ಎಂದು ಕೇಳಿದರು. "ಬೇಡಿಕೊಳ್ಳಲಿಲ್ಲ, ಕೊಟ್ಟೆ. ನೀವು ಸಿಹಿ ಬಿಟ್ಟಿರೋತನಕ ನಾನೂ ಮುಟ್ಟಂಗಿಲ್ಲ ಅಂತ" ಎಂದಳು. ಕಾಕಾ ವಾದ ಮಾಡಲು ಬಾಯಿ ತೆರೆದರು. ಆ ಮುಖ ನೋಡಿ ಚಕ್ಕಡಿಯ ಕಡೆ ನಡೆದರು.

ಅಂದಿನಿಂದ ಕಾಕಾ ಯಾವ ಮದುವೆಗೆ ಹೋದರೂ ಸೊಂಟಕ್ಕೆ ಶಲ್ಯ, ಕೈಯಲ್ಲಿ ಬುಟ್ಟಿ. "ವಕೀಲರು ಬಡಸಲಿಕ್ಕೆ ಬರತಾರೇನು?" ಎಂದು ಮೊದಲೇ ಕೇಳಿ ಜನ ಹೋಳಿಗೆಗೆ ಹೆಚ್ಚು ಕಣಕ ನಾದಿಸುತ್ತಿದ್ದರು. ಹೊಟ್ಟೆ ಇಳಿಯಿತು, ಕೋಟಿನ ಗುಂಡಿ ಹತ್ತಿತು, ಕೊಳವೆ ಹಸಿರಾಗಿ, ಒಂದು ದಿನ ನೀಲಿಯೇ ಉಳಿಯಿತು. ಕಿರಿಮಗಳ ಮದುವೆಯೂ ಆಯಿತು. ಆಮೇಲೆ ಯುದ್ಧ ಬಂತು, ಸಕ್ಕರೆಗೆ ರೇಶನ್ನು ಬಂತು. ಊರೆಲ್ಲ ಚಹಕ್ಕೆ ಸಕ್ಕರೆಯಿಲ್ಲವೆಂದು ಗೋಳಾಡುವಾಗ ಕಾಕಾ ಕಟ್ಟೆಯ ಮೇಲೆ ಕೂತು, "ಈಗ ಸರಕಾರಾನs ಕೆಮ್ಮಲಿಕ್ಕತ್ತೇದ" ಎಂದು ನಗುತ್ತಿದ್ದರು. ನಾನು ಮ್ಯಾಟ್ರಿಕ್ ಪಾಸಾದದ್ದೂ ಆ ದಿನಗಳಲ್ಲಿಯೇ. ಅವರು ರೊಟ್ಟಿ ಮುಂದಿಟ್ಟುಕೊಂಡು ಕೂಡುವಾಗ ನಾನು ಪುಸ್ತಕ ಮುಂದಿಟ್ಟುಕೊಂಡು ಕೂಡಬೇಕೆಂದು ಕರಾರಾಗಿತ್ತು. ನನ್ನ ಕಣ್ಣು ದಾರಿ ತಪ್ಪಿದರೆ ಕೆಮ್ಮುತ್ತಿದ್ದವರು ಅವರು. ಕೆಟ್ಟದಾಗಿ ಕೆಮ್ಮುತ್ತಿದ್ದರು, ಡಾಕ್ಟರರ ದನಿ ಅವರಿಗೆ ಎಂದೂ ಬರಲಿಲ್ಲ. ಆದರೆ ಇಂದು ನನಗೊಂದು ನೌಕರಿಯಿದ್ದರೆ ಅದು ಆ ಕೆಟ್ಟ ಕೆಮ್ಮಿನಿಂದ.

ಕಾಕಾನಿಗೆ ಕಡೆಗೆ ಬಂದದ್ದು ಸಕ್ಕರೆಗೆ ಸಂಬಂಧವಿಲ್ಲದ ಬೇನೆ. ಒಂದು ಮಳೆಗಾಲದಲ್ಲಿ ನೆಗಡಿ ಎದೆಗೆ ಇಳಿಯಿತು, ಜ್ವರ ಬಿಡಲಿಲ್ಲ. ಡಾಕ್ಟರರ ಕೂದಲೂ ಅಷ್ಟರಲ್ಲಿ ಬೆಳ್ಳಗಾಗಿತ್ತು. ಎದೆಗೆ ನಳಿಗೆ ಹಚ್ಚಿ ನೋಡಿ ಹೊರಗೆ ಬಂದು, ಕಾಕುಗೆ ಮೆಲ್ಲಗೆ, "ಇನ್ನ ಅವರು ಏನ ಬೇಡತಾರೋ ಅದನ್ನ ಕೊಡ್ರಿ" ಎಂದರು. ಕೆಮ್ಮಲಿಲ್ಲ.

ಕಾಕು ಅಡಿಗೆ ಮನೆಗೆ ಹೋದಳು. ಬೇಳೆ ಬೇಯಿಸಿದಳು, ಹೂರಣ ರುಬ್ಬಿದಳು. ಬಿಸಿ ಹೋಳಿಗೆ ತಾಟಿನಲ್ಲಿ ಬಂದಾಗ ಕಾಕಾ ದಿಂಬಿಗೆ ಒರಗಿ ಅದನ್ನು ನೋಡಿ, ನನ್ನ ಕಡೆ ತಿರುಗಿದರು.

"ಡಾಕ್ಟರ ಹೂಂ ಅಂದಾನೇನೋ?"

"ಹೂಂ ಅಂದಾರ್ರಿ ಕಾಕಾ."

"ಅಂದ್ರ ಕೇಸ್ ಸೋತೇವಿ" ಎಂದು ನಕ್ಕರು. ನಗು ಮುಗಿದ ಮೇಲೆ ಕಾಕುನ ಕಡೆ ನೋಡಿದರು. "ಕುಂದ್ರ ಇಲ್ಲೆ. ನಿನ್ನ ಹರಕಿ ಕರಾರು ನಾ ಮರತಿಲ್ಲ. ನಾ ಸಿಹಿ ಬಿಟ್ಟಿರೋತನಕ ಅಂದಿದ್ದಿ. ಈಗ ನಾ ತಿಂತೇನಿ." ಉಗುರಿನಷ್ಟು ಹೋಳಿಗೆ ಮುರಿದು ನಾಲಿಗೆಯ ಮೇಲೆ ಇಟ್ಟುಕೊಂಡರು. "ಅಂದಮ್ಯಾಲೆ?"

ಕಾಕು ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ಕೈ ಚಾಚಿ ಸೆರಗು ಸರಿಸಿ, "ನನ್ನ ಆಣಿ" ಎಂದರು. ತಿಂದಳು. ಕಣ್ಣೀರು ಒರೆಸಿಕೊಳ್ಳದೆ ಬಹಳ ಹೊತ್ತು ಅಗಿದಳು.

"ಹೆಂಗ ಆಗ್ಯಾವ?" ಎಂದರು ಕಾಕಾ.

"ಬೆಲ್ಲ ಕಡಿಮಿ ಆಗೇದ" ಎಂದಳು, ತನ್ನ ಕೈಯನ್ನೇ ನೋಡಿಕೊಂಡು. "ಅಳತಿ ಮರತೇನಿ."

ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಖರೇನೇ ಸಪ್ಪಗಿತ್ತು. ಓಣಿಗೆಲ್ಲ ಹೋಳಿಗೆಯ ಹದ ಕಲಿಸಿದ ಕೈ ಅದು. ಕಾಕಾ ಆಮೇಲೆ ಏನನ್ನೂ ಕೇಳಿ ತಿನ್ನಲಿಲ್ಲ. ಎರಡು ದಿನ ಕಳೆಯುವುದರೊಳಗೆ ಹೋದರು. ಆದರೆ ಆ ಮಧ್ಯಾಹ್ನ ದಿಂಬಿನ ಮೇಲಿಂದ ಕತ್ತೆತ್ತಿ, ಹಂದರದಲ್ಲಿ ನಿಂತವರ ಹಾಗೆ ನನಗೆ ಕೈ ಮಾಡಿ ಹೇಳಿದರು:

"ಏನ ನೋಡತಿ ಮಂಗ್ಯಾ? ಇನ್ನೊಂದ ಹಾಕು ಆಕೀಗೆ. ಸಾಕು ಅಂತಾಳ, ಕೇಳಬ್ಯಾಡ."

ಕಾಕು ತಾಟಿನ ಮೇಲೆ ಕೈ ಅಡ್ಡ ಹಿಡಿದಳು. ನಾನು ಕೈಯ ಮೇಲೆಯೇ ಇಟ್ಟೆ.